ಸ್ಟೆಪ್ನಿ ಇಲ್ಲದ ಡಿಕ್ಕಿ

ರಾಯದುರ್ಗದ ಜೀನ್ಸ್ ಕಾರ್ಖಾನೆಗಳಿಂದ ಕತ್ತರಿಸಿದ ತುಂಡುಗಳನ್ನು ತಂದು ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಹೊಲಿಯಲು ಹಂಚುವುದು ತ್ರಿವೇಣಿಯ ಕೆಲಸ. ಅದಕ್ಕೆಂದೇ ಯುಗಾದಿ ಕಳೆದ ಮೇಲೆ ಬ್ರೋಕರ್ ಒಬ್ಬನ ಮೂಲಕ ಹಳೆಯ ಕಾರು ಕೊಂಡಿದ್ದಳು. ಎಂಜಿನ್ ಚೆನ್ನಾಗಿತ್ತು. ಡಿಕ್ಕಿಯ ನೆಲ ಮಾತ್ರ ನಡುವೆ ತಗ್ಗಾಗಿತ್ತು.

ಬಂಡಲ್ ಹೇರಿದರೆ ಹಲಗೆ ಇನ್ನಷ್ಟು ಬಾಗುತ್ತಿತ್ತು. ಆದರೆ ಅವಳನ್ನು ಕಾಡಿದ್ದು ಅದಲ್ಲ, ಸದ್ದು. ಕಾರು ಹಂಪ್ ಹತ್ತಿ ಇಳಿದಾಗ ಹಿಂದಿನಿಂದ ಸಣ್ಣ ದನಿಯೊಂದು ಬರುತ್ತಿತ್ತು, ಯಾರೋ ಮಾತಿಗೆ ಹೂಂಗುಟ್ಟಿದ ಹಾಗೆ. ಒಂದು ಮಧ್ಯಾಹ್ನ ಮೋಡ ನೋಡಿ, "ಇವತ್ತೂ ಮಳಿ ಬರಂಗಿಲ್ಲ ಬಿಡು" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಹಿಂದಿನಿಂದ 'ಹೂಂ' ಬಂತು. ಕನ್ನಡಿಯಲ್ಲಿ ನೋಡಿದಳು. ಡಿಕ್ಕಿಯಲ್ಲಿ ಬಂಡಲ್ಲೂ ಇರಲಿಲ್ಲ.

ಬಂಡಲ್ ಇಳಿಸಲು ಜೊತೆಗೆ ಬರುತ್ತಿದ್ದ ದುರುಗಕ್ಕ ಹಿಂದಿನ ಸೀಟು ಬಿಟ್ಟು ಮುಂದೆ ಕೂರತೊಡಗಿದಳು. ಯಾಕೆಂದು ಕೇಳಿದರೆ, "ಹಿಂದ ಯಾರೋ ಮಲಗಿದಂಗ ಆಗತೈತ್ರಿ" ಎಂದಳು.

ಆಷಾಢದಲ್ಲಿ ಒಂದು ದಿನ ತ್ರಿವೇಣಿ ಒಬ್ಬಳೇ ಗುಮ್ಮಘಟ್ಟದ ಕಡೆ ಹೊರಟಾಗ ಕಾರು ಪಂಚರ್ ಆಯಿತು. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಹಲಗೆ ಎತ್ತಿದರೆ ಟೈರ್ ಇರಬೇಕಾದ ಗುಂಡಿಯಲ್ಲಿ ಟೈರೇ ಇಲ್ಲ. ಅಲ್ಲಿ ಸುತ್ತಿ ಒತ್ತಿಟ್ಟ ಕರಿ ಕಂಬಳಿಯೊಂದಿತ್ತು. ಅದರ ನಡುವೆ, ಮೇಲಿನಿಂದ ಭಾರ ಕೂತಂತೆ, ಆಳವಾದ ತಗ್ಗು. ಮುಟ್ಟಲು ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

ಚಕ್ರವನ್ನು ಷೇರ್ ಆಟೊದಲ್ಲಿ ಊರಿಗೆ ಕಳಿಸಿ ಪಂಚರ್ ಹಾಕಿಸಿಕೊಂಡಳು. ಕಾರಿನ ಹಳೆಯ ಯಜಮಾನ ಗುಮ್ಮಘಟ್ಟದ ಬಡಗಿ ಸಣ್ಣಬಸಪ್ಪ ಎಂದು ಬ್ರೋಕರ್ ಹೇಳಿದ್ದು ನೆನಪಿತ್ತು. ನೇರ ಅಲ್ಲಿಗೇ ಹೋಗಿ, ಮನಸ್ಸು ಗಟ್ಟಿ ಮಾಡಿ ಕಂಬಳಿಯನ್ನು ಎತ್ತಿಕೊಂಡು ನಡೆದಳು.

ಸಣ್ಣಬಸಪ್ಪನಿಗೆ ಅರವತ್ತರ ಹತ್ತಿರ ವಯಸ್ಸು. ಚಪ್ಪರದಲ್ಲಿ ಬಾಗಿಲೊಂದಕ್ಕೆ ಉಜ್ಜುಗೊರಡು ಹಿಡಿಯುತ್ತಿದ್ದವನು ಕಾರಿನ ಸದ್ದಿಗೇ ತಲೆ ಎತ್ತಿದ. ಅವಳ ತೋಳಲ್ಲಿದ್ದ ಕಂಬಳಿ ಕಂಡು ಉಜ್ಜುಗೊರಡು ಕೆಳಗಿಟ್ಟ.

"ಸ್ಟೆಪ್ನಿ ಕೇಳಾಕ ಬಂದೀರಿ, ಹೌದಿಲ್ರಿ?"

"ಹೌದ್ರಿ. ಇದು ನಿಮ್ದಾ?"

"ನಮ್ದ. ಅಲ್ಲಿಂದ ತಗಿಯಾಕ ಮನಸಾಗಲಿಲ್ಲ."

ಅವಳನ್ನು ಮಂಚದ ಮೇಲೆ ಕೂರಿಸಿ ನೀರು ಕೊಟ್ಟ. ತಾನು ನಿಂತೇ ಹೇಳಿದ.

"ನನ್ನ ಹೆಂಡ್ತಿ ಉಜ್ಜಿನಮ್ಮ. ಬೆನ್ನಾಗ ಗಡ್ಡಿ ಬೆಳದು ಕುಂದ್ರಾಕ ಬರ್ತಿರಲಿಲ್ಲ. ಹಿಂದಿನ ಸೀಟು ಮಡಚಿ ಡಿಕ್ಕಿತನಕ ಹಾಸಿಗಿ ಮಾಡಿ ಬಳ್ಳಾರಿಗೆ ಕರ್ಕೊಂಡು ಹೊಂಟಿದ್ದೆ. ಕೆಳಗಿನ ಸ್ಟೆಪ್ನಿ ಬೆನ್ನಿಗೆ ಒತ್ತತೈತಿ ಅಂದ್ಳು. ಇಳದು, ಅದನ್ನ ತಗದು ಜಾಲಿಗಿಡದ ಬುಡಕ ಒಗದು, ಈ ಕಂಬಳಿ ತುರುಕಿದೆ. ಹಲಗಿ ತಗ್ಗಾತು. ಈಗ ಸರಿ ಆತು, ತೊಟ್ಲಾಗ ಮಲಗಿದಂಗೈತಿ ಅಂದ್ಳು."

ಕಂಬಳಿಯ ಮೇಲಿನ ಧೂಳು ಕೊಡವಿ ಮುಂದುವರಿಸಿದ.

"ಎಚ್ಚರ ಇರಲಿ ಅಂತ ದಾರಿಯುದ್ದಕ್ಕೂ ಮಾತಾಡ್ಕೊಂತ ಹೋದೆ. ಎಲ್ಲದಕ್ಕೂ ಹೂಂ ಅಂತಿದ್ಳು. ನೇಮಕಲ್ಲಿನ ತಿರುವಿನ್ಯಾಗ ಆಂಜನೇಯಗ ಕೈ ಮುಗಿ ಅಂದೆ, ಅದಕ್ಕೂ ಹೂಂ. ಬಳ್ಳಾರ್ಯಾಗ ಡಾಕ್ಟರು ನೋಡಿ, ಜೀವ ಹೋಗಿ ಬಾಳ ಹೊತ್ತಾಗೇತಿ ಅಂದ್ರು. ಆಸ್ಪತ್ರಿ ಬಾಗಲದಾಗ ಗಾಡಿ ನಿಲ್ಲಸೋ ಮಟ ನನಗ ಹೂಂ ಕೇಳಿಸಿತ್ತು, ತಂಗಿ. ಆಮ್ಯಾಲೂ ಕೇಳಿಸ್ತು. ಅದಕ್ಕ ಮಾರಿಬಿಟ್ಟೆ."

ತ್ರಿವೇಣಿ ನೀರಿನ ಲೋಟ ಕೆಳಗಿಟ್ಟಳು. ಹೇಳಬೇಕೋ ಬೇಡವೋ ತಿಳಿಯದೆ ಕೊನೆಗೆ ಹೇಳಿದಳು: "ನನಗೂ ಕೇಳತೈತ್ರಿ."

ಅವನು ಅವಳ ಮುಖವನ್ನೇ ನೋಡಿದ. "ಹಂಗಾರ ನನಗ ಹುಚ್ಚು ಹಿಡಿದಿಲ್ಲ" ಎಂದು ಮೆಲ್ಲಗೆ ಹೇಳಿ ಮಂಚದ ತುದಿಯಲ್ಲಿ ಕುಳಿತ. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲವಂತೆ.

ಆಮೇಲೆ ಎದ್ದ. "ಗಾಡಿ ನೆಳ್ಳಿಗೆ ತಗೊಂಬಾ, ತಂಗಿ. ನಾನು ಕೆಡಿಸಿದ್ದು ನಾನಽ ಸರಿ ಮಾಡ್ತೀನಿ."

ಗುಂಡಿಯ ಅಳತೆಗೆ ಪ್ಲೈವುಡ್ಡನ್ನು ದುಂಡಗೆ ಕೊಯ್ದು, ಅದಕ್ಕೆ ಬೇವಿನ ಕಟ್ಟಿಗೆಯ ಗಿಡ್ಡ ಕಾಲುಗಳನ್ನು ಸ್ಕ್ರೂ ಹಾಕಿ ಬಿಗಿದ. ಕಾಲುಗಳಡಿ ಹಳೆಯ ಟ್ಯೂಬಿನ ರಬ್ಬರ್ ಅಂಟಿಸಿದ. ಹಲಗೆ ಕೂರುವ ಅಂಚಿಗೆ, ತಿಕ್ಕಾಡದಿರಲೆಂದು, ಸ್ಪಂಜಿನ ಪಟ್ಟಿ ಹಾಕಿದ. ನಡುನಡುವೆ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದ. ಹಾಗೆ ನಿಂತಾಗಲೆಲ್ಲ ತ್ರಿವೇಣಿಯೂ ಡಿಕ್ಕಿಯ ಕಡೆ ನೋಡುತ್ತಿದ್ದಳು.

ಬಾಗಿದ್ದ ಹಲಗೆಯನ್ನು ಮಗುಚಿ ಹಾಕಿ, ಇಬ್ಬರೂ ಅಂಗೈಯಿಂದ ಒತ್ತಿ ನೋಡಿದರು. ಜಗ್ಗಲಿಲ್ಲ. ಸಣ್ಣಬಸಪ್ಪ ಡಿಕ್ಕಿಯೊಳಗೆ ಬಗ್ಗಿ ಹಲಗೆಗೆ ಕಿವಿ ಇಟ್ಟ. "ಉಜ್ಜೀ, ಬಳ್ಳಾರಿ ಬಂತವ್ವ" ಎಂದ. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಕೆನ್ನೆಯ ಮೇಲೆ ಮರದ ಪುಡಿ ಹಸಿಯಾಗಿ ಮೆತ್ತಿಕೊಂಡಿತ್ತು.

ಕಂಬಳಿಯನ್ನು ಅವನೇ ಇಟ್ಟುಕೊಂಡ.

ಹಿಂದಿರುಗುವಾಗ ಹಂಪುಗಳ ಮೇಲೂ ಕಾರು ಸದ್ದು ಮಾಡಲಿಲ್ಲ. ತ್ರಿವೇಣಿ ಏನಾದರೂ ಮಾತಾಡಿ ನೋಡಬೇಕೆಂದುಕೊಂಡಳು. ರಾಯದುರ್ಗ ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ.

ಮನೆಯ ಮುಂದೆ ಕಾಯುತ್ತಿದ್ದ ದುರುಗಕ್ಕ, "ಯಾಕ ಇಷ್ಟೊತ್ತಾತ್ರಿ?" ಎಂದಳು.

"ಡಿಕ್ಕಿ ರಿಪೇರಿ ಇತ್ತು" ಎಂದಷ್ಟೇ ಹೇಳಿ ತ್ರಿವೇಣಿ ಬಂಡಲ್ ಹೇರಲು ಹಿಂದಕ್ಕೆ ಹೋದಳು. ಡಿಕ್ಕಿ ತೆರೆಯುವ ಮುಂಚೆ ಅವಳ ಕೈ ಸ್ವಲ್ಪ ಹೊತ್ತು ಹಿಡಿಕೆಯ ಮೇಲೇ ನಿಂತಿತ್ತು.