ಕಪ್ಪು ಕೊರಳಿನ ಅತಿಥಿ

ತೂರಿಡ್ ತನ್ನ ಹಿತ್ತಲಲ್ಲಿ ಹಕ್ಕಿಗಳಿಗೆಂದು ತೂಗುಹಾಕಿದ್ದ ಕಾಳಿನ ಡಬ್ಬಿಗೆ ಕಪ್ಪು ಕೊರಳಿನ ಹಕ್ಕಿಯೊಂದು ಬಂದಿತ್ತು. ಪಕ್ಕದ ಮನೆಯ ಮುದುಕ ಓಡ್ವಾರ್ ಬೇಲಿಯಾಚೆಯಿಂದಲೇ ಅದನ್ನು ಗುರುತಿಸಿದ.

"ಸೈಬೀರಿಯಾದ್ದು ಕಣಮ್ಮ. ದಾರಿ ತಪ್ಪಿ ನಾರ್ವೆಗೆ ಬಂದಿದೆ."

"ಯಾರಿಗೂ ಹೇಳ್ಬೇಡಿ," ಎಂದಳು ತೂರಿಡ್.

"ಆಗ್ಲೇ ಹಕ್ಕಿ ನೋಡೋರ ವೆಬ್‌ಸೈಟಲ್ಲಿ ಫೋಟೋ, ವಿಳಾಸ ಎಲ್ಲಾ ಹಾಕ್ಬಿಟ್ಟೆ. ನಾಳೆ ದೇಶದಲ್ಲಿರೋ ಹಕ್ಕಿ ಹುಚ್ಚರೆಲ್ಲಾ ನಿನ್ನ ಬೇಲಿ ಮೇಲೇ. ಕಾಫಿಗೆ ದೊಡ್ಡ ಪಾತ್ರೆ ಇದ್ಯಾ?"

ತೂರಿಡ್ ಬೀದಿಯತ್ತ ತಿರುಗಿ ನೋಡಿದಳು. ಯಾರ ಹೊಡೆತ ತಾಳಲಾರದೆ ಅವಳು ಹೆಸರು ಬದಲಿಸಿಕೊಂಡು ಈ ಊರು ಸೇರಿದ್ದಳೋ, ಆ ಗಂಡನೂ ಅಂಥ ಹುಚ್ಚನೇ. ಅಪರೂಪದ ಹಕ್ಕಿಯ ಸುದ್ದಿ ಸಿಕ್ಕರೆ ಊಟ ಬಿಟ್ಟು ಕಾರು ಹತ್ತುವವನು.

ಅವಳು ಡಬ್ಬಿಯನ್ನು ಕಿತ್ತು ಒಳಗಿಟ್ಟು, ಚಪ್ಪಾಳೆ ತಟ್ಟಿ ಹಕ್ಕಿಯನ್ನು ಓಡಿಸಿದಳು. ಅದು ಸೇಬಿನ ಮರಕ್ಕೆ ಹಾರಿ, ಕಾಳಿಗಾಗಿ ಕಾಯುತ್ತ ಕುಳಿತಿತು. ಬೀದಿಯಲ್ಲಿ ಕಾರೊಂದು ಮನೆಯ ನಂಬರು ಹುಡುಕುತ್ತ ನಿಧಾನವಾಗಿ ಬರುತ್ತಿತ್ತು.