ಸದ್ದು ಬಾರದ ಕೋಣೆ

ಬಲಗೈಯನ್ನು ಮಾತ್ರ ತಾನೇ ತೊಳೆಯುತ್ತೇನೆಂದು ಅನುಸೂಯಮ್ಮ ಹಟ ಹಿಡಿದಳು. ಹೆಣಕ್ಕೆ ನೀರು ಹಾಕುತ್ತಿದ್ದ ಗಂಡಸರು ಚೊಂಬು ಹಿಡಿದುಕೊಂಡು ಅಂಗಳದಲ್ಲಿ ಹಾಗೇ ನಿಂತರು.

"ಬಿಡ್ರಪ್ಪಾ, ಕತೆ ಬರ್ದಿರೋ ಕೈ ಅದು. ಅವ್ರ ಸಂಕಟ ಅವ್ರಿಗೆ" ಅಂದ ಒಬ್ಬ. ಸುತ್ತ ನಿಂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದರು.

ಅನುಸೂಯಮ್ಮನಿಗೆ ಆಗ ಕತೆಯೂ ಬೇಕಿರಲಿಲ್ಲ, ಇವರ ಕಣ್ಣೀರೂ ಬೇಕಿರಲಿಲ್ಲ. ಗಂಡ ವೆಂಕಟರಾಮಪ್ಪನ ಬಲಗೈ ಗೆಣ್ಣುಗಳು ನಾಲ್ಕೂ ಸುಲಿದು ಕಪ್ಪುಗಟ್ಟಿದ್ದವು. ಅದು ಮಗನ ಕಣ್ಣಿಗೆ ಬೀಳಬಾರದು, ಅಷ್ಟೆ. ಅರಿಸಿನವನ್ನು ದಪ್ಪಗೆ ಮೆತ್ತಿದಳು, ಬಿಳಿ ಬಟ್ಟೆ ಸುತ್ತಿದಳು, ಎರಡೂ ಕೈ ಸೇರಿಸಿ ಮೇಲೊಂದು ಸೇವಂತಿಗೆ ಹಾರ ಎಳೆದಳು.

ಗೇಟಿನ ಹತ್ತಿರ ಮಗ ನಂದೀಶ ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದ. "ನಿದ್ದೇಲೇ ಹೋಗ್ಬಿಟ್ರು. ಬರೀತಾ ಬರೀತಾ ಹಂಗೇ ಮಲ್ಕೊಂಡವ್ರೆ. ಒಂಚೂರೂ ನೋವಿಲ್ಲ. ಎಲ್ರಿಗೂ ಸಿಗುತ್ತಾ ಇಂಥ ಸಾವು?"

ನಿದ್ದೆಯಲ್ಲಿ ಹೋದರು ಎಂದು ಮಗನಿಗೆ ಹೇಳಿದವಳು ಅನುಸೂಯಮ್ಮನೇ.

*

ನಾಲ್ಕು ವರ್ಷದ ಹಿಂದಿನವರೆಗೂ ನಂದಿ ಬೆಟ್ಟದ ಹತ್ತಿರದ ವಿಜಯಪುರದ ಆ ಮನೆಯ ಹಿಂದೆ ಶೆಡ್ಡಿತ್ತು, ಶೆಡ್ಡಿನಲ್ಲಿ ರೇಷ್ಮೆ ದಾರ ಹುರಿ ಮಾಡುವ ಎರಡು ಟ್ವಿಸ್ಟಿಂಗ್ ಮಿಷಿನ್ನುಗಳಿದ್ದವು. ಅವು ಓಡುವಾಗ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಆ ಗದ್ದಲದ ನಡುವೆ, ಕಡಿದ ಎಳೆಗೆ ಗಂಟು ಹಾಕುತ್ತಾ, ಬಿಡುವಾದಾಗ ತೊಡೆಯ ಮೇಲೆ ನೋಟ್‌ಬುಕ್ಕಿಟ್ಟುಕೊಂಡು ವೆಂಕಟರಾಮಪ್ಪ ಬರೆಯುತ್ತಿದ್ದ. ಮೂವತ್ತು ವರ್ಷಕ್ಕೆ ನಾಲ್ಕು ಪುಸ್ತಕ. ಜಗತ್ತು ತಲೆಕೆಳಗಾಗುವಂಥದ್ದೇನೂ ಬರೆಯಲಿಲ್ಲ. ಆದರೆ ಓದಿದವರು ಮರೆಯಲಿಲ್ಲ.

ವಿಚಿತ್ರವೆಂದರೆ ಕರೆಂಟು ಹೋದರೆ ಅವನ ಪೆನ್ನೂ ನಿಲ್ಲುತ್ತಿತ್ತು. ಹಗಲು ಹೊತ್ತು, ಬೇಕಾದಷ್ಟು ಬೆಳಕಿದ್ದರೂ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದ. ಕರೆಂಟು ಬಂದು ಮಿಷಿನ್ ಗರಗರ ಎಂದರೆ ಉಳಿದರ್ಧ ಬರೆಯುತ್ತಿದ್ದ. ದಾರದ ಬಾಬಿನ್ ಬದಲಿಸುತ್ತಿದ್ದ ಕೆಲಸದ ಬೈರಮ್ಮ ಇದನ್ನು ನೋಡಿ ನಗುತ್ತಿದ್ದಳು.

ನಂದೀಶನಿಗೆ ಏರ್‌ಪೋರ್ಟ್ ಸುತ್ತಲಿನ ಹೋಟೆಲುಗಳಿಗೆ ಗಾಜು ಹಾಕಿಸುವ ಕಂಟ್ರಾಕ್ಟು. ತಲೆಯ ಮೇಲೆ ವಿಮಾನ ಹೋದರೂ ಮಲಗಿದವರಿಗೆ ಎಚ್ಚರವಾಗದಂಥ ಗಾಜು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ್ದೇ ಮಿಷಿನ್ನು ಮಾರಿಸಿದ, ತಾರಸಿಯ ಮೇಲೆ ಅಪ್ಪನಿಗೊಂದು ಕೋಣೆ ಕಟ್ಟಿಸಿದ. ನೆಲದಿಂದ ಸೂರಿನ ತನಕ ಅದೇ ಗಾಜು, ರಬ್ಬರಿನ ಅಂಚಿನ ಬಿಗಿ ಬಾಗಿಲು, ತೇಗದ ಮೇಜು. ಅಪ್ಪನ ಮೇಲಿನ ಪ್ರೀತಿಗೇ ಮಾಡಿದ, ಅದರಲ್ಲಿ ಸುಳ್ಳಿಲ್ಲ. ಅನುಸೂಯಮ್ಮನೂ ಆ ಸದ್ದು ತೊಲಗಿತಲ್ಲ ಎಂದು ನಂದಿ ಬೆಟ್ಟಕ್ಕೆ ಕೈ ಮುಗಿದಿದ್ದಳು.

ಮೂರು ತಿಂಗಳಾದ ಮೇಲೆ ಗಂಡ ಹೇಳಿದ್ದ. "ಒಳಗೆ ಕೂತ್ರೆ ಏನೂ ಹುಟ್ಟಲ್ಲ ಕಣೇ. ಬಾವೀಲಿ ಕೂತಂಗಾಗುತ್ತೆ."

ನೋಟ್‌ಬುಕ್ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರತೊಡಗಿದ. ಬಸ್ಸುಗಳ ಭರಾಟೆಯಲ್ಲಿ ಅರ್ಧ ಪುಟ ಬಂತಂತೆ. ನಾಲ್ಕನೇ ದಿನ ನಂದೀಶ ಕಾರು ತಂದು ಹತ್ತಿಸಿಕೊಂಡ. "ಮಾನ ತೆಗೀಬೇಡಪ್ಪಾ. ಮಗ ಮನೇಲಿ ಜಾಗ ಕೊಟ್ಟಿಲ್ವಾ ಅಂತಾರೆ ಜನ."

ಆ ಅರ್ಧ ಪುಟವನ್ನು ವೆಂಕಟರಾಮಪ್ಪ ತಾನೇ ಹರಿದು ಹಾಕಿದ. ಅಂದಿನಿಂದ ಕಚೇರಿಗೆ ಹೋಗುವವನ ಹಾಗೆ ಹತ್ತಕ್ಕೆ ಕೋಣೆಗೆ ಹೋಗುವುದು, ಸಂಜೆ ಇಳಿಯುವುದು. ಮಗ ಕೇಳಿದಾಗಲೆಲ್ಲ ಅನುಸೂಯಮ್ಮ, "ಬರೀತವ್ರೆ ಕಣಪ್ಪಾ, ದೊಡ್ಡ ಕಾದಂಬರಿ" ಅನ್ನುತ್ತಿದ್ದಳು. ಮನೆಯಲ್ಲಿ ಜಗಳ ಬೇಡವೆಂದು ಹೇಳಿದ ಸುಳ್ಳು. ಮಗ ಅದನ್ನು ಊರಿಗೆಲ್ಲ ಹಂಚಿದ.

*

ಹನ್ನೊಂದಕ್ಕೆ ತಾಲ್ಲೂಕಿನ ಓದುಗರ ಬಳಗದ ಅಧ್ಯಕ್ಷ, ನಿವೃತ್ತ ಮೇಷ್ಟ್ರು ನರಸಿಂಹಯ್ಯ ಆಳುದ್ದದ ಹಾರ ತಂದರು. ಹಾರ ಹಾಕಿ, ಕೈ ಮುಗಿದು, ನಂದೀಶನ ಕಿವಿಯ ಹತ್ತಿರ ಬಗ್ಗಿದರು.

"ಆ ಕಾದಂಬರೀನ ಎದೆ ಮೇಲಿಟ್ಟು ಒಂದು ಫೋಟೋ ತೆಗೆಸಪ್ಪಾ. ಪೇಪರ್‌ನೋರು ಹಾಕ್ತಾರೆ."

ಅನುಸೂಯಮ್ಮ ತಡೆಯುವಷ್ಟರಲ್ಲಿ ನಂದೀಶ ಮೇಲೆ ಓಡಿ, ಯುಗಾದಿಗೊಂದರಂತೆ ತಾನು ತಂದುಕೊಟ್ಟಿದ್ದ ನಾಲ್ಕು ದಪ್ಪ ನೋಟ್‌ಬುಕ್ಕುಗಳನ್ನು ತಂದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ತೆರೆದರು. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ' ಎಂದಿತ್ತು. ಕೆಳಗೆ ಏನೂ ಇರಲಿಲ್ಲ. ಎರಡನೆಯದರಲ್ಲೂ ಶ್ರೀ. ಉಳಿದೆರಡರಲ್ಲೂ ಅಷ್ಟೇ. ಜನರೆಲ್ಲ ಕತ್ತು ಚಾಚಿ ನೋಡಿದರು. ಯಾರೋ ಕಿಸಕ್ಕೆಂದರು.

ನಂದೀಶನ ಮುಖ ಕೆಂಪೇರಿತು. ಹೆಣದ ಕಡೆಗೆ ತಿರುಗಿ ಕೂಗಿಯೇ ಬಿಟ್ಟ. "ನಾಲ್ಕು ವರ್ಷ! ಏನ್ ಕಮ್ಮಿ ಮಾಡಿದ್ದೆ ನಿಂಗೆ? ಊರ್ಗೆಲ್ಲ ಹೇಳ್ಕೊಂಡ್ ಬಂದ್ನಲ್ಲಪ್ಪಾ, ಹೋಗೋವಾಗ್ಲೂ ಮರ್ಯಾದೆ ತೆಗ್ದಲ್ಲಾ!"

"ಹಂಗನ್ಬೇಡ, ಸತ್ತೋರು" ಎಂದು ಬೈರಮ್ಮ ಅಡ್ಡ ಬಂದಳು. "ಅಣ್ಣಂಗೆ ಮಿಷಿನ್ ಸದ್ದಿದ್ರೇನೇ..."

"ನೀನ್ ಸುಮ್ನಿರಮ್ಮಾ."

ಮೇಷ್ಟ್ರು ಸಮಾಧಾನ ಮಾಡಲು ಹೋಗಿ ಗಾಯಕ್ಕೆ ಉಪ್ಪು ಸವರಿದರು. "ಮನೇಲಿ ಏನಾದ್ರೂ ಗಲಾಟೆ, ಕಿರಿಕಿರಿ ಇತ್ತೇನೋ. ಬರೆಯೋರಿಗೆ ನೆಮ್ಮದಿ ಬೇಕಾಗುತ್ತಪ್ಪಾ."

"ಗಲಾಟೆನಾ? ನನ್ ಮನೇಲಾ? ಬನ್ನಿ ಸಾರ್ ತೋರಿಸ್ತೀನಿ, ಎಲ್ರೂ ಬನ್ನಿ!" ನಂದೀಶ ಅವರ ರಟ್ಟೆ ಹಿಡಿದು ಮೆಟ್ಟಿಲ ಕಡೆಗೆ ಎಳೆದೇ ಎಳೆದ.

"ಬೇಡ ಕಣೋ ನಂದೀಶಾ! ಹೆಣ ಎತ್ತೋ ಹೊತ್ತಾಯ್ತು!" ಎಂದು ಅನುಸೂಯಮ್ಮ ಗಂಡನನ್ನು ಅಲ್ಲೇ ಬಿಟ್ಟು ಹಿಂದೆ ಓಡಿದಳು.

*

ನಿನ್ನೆ ಮಧ್ಯಾಹ್ನ ಅವಳು ತಾರಸಿಯಲ್ಲೇ ಇದ್ದಳು. ಅವರೆಕಾಯಿ ಕಾಲ, ಹಿತವಾದ ಬಿಸಿಲು. ಕೋಣೆಯ ಗಾಜಿಗೆ ಬೆನ್ನು ಮಾಡಿ, ನೆನೆಸಿದ ಕಾಳನ್ನು ಒಂದೊಂದೇ ಹಿದುಕಿ ಬೇಳೆಯನ್ನು ಪಾತ್ರೆಗೆ ಹಾಕುತ್ತಾ ಕೂತಿದ್ದಳು. ಮಗನಿಗೆ ಹಿದುಕಿದ ಬೇಳೆ ಸಾರೆಂದರೆ ಪ್ರಾಣ. ಒಂದೂವರೆ ಗಂಟೆ ಹಾಗೇ ಕೂತು, ಹಳೆಯ ಹಾಡೊಂದನ್ನೂ ಗುನುಗಿದ್ದಳು.

ಎದ್ದು ತಿರುಗಿದರೆ ವೆಂಕಟರಾಮಪ್ಪ ನೆಲಕ್ಕೆ ಬಿದ್ದಿದ್ದ. ಎಡಗೈ ಎದೆಯನ್ನು ಹಿಡಿದಿತ್ತು, ಕೆನ್ನೆ ಗಾಜಿಗೆ ಒತ್ತಿತ್ತು. ಕಣ್ಣು ಅವಳ ಬೆನ್ನಿದ್ದ ಕಡೆಗೇ ತೆರೆದಿತ್ತು. ಮುಷ್ಟಿಯ ಹತ್ತಿರ ಗಾಜಿನ ಮೇಲೆಲ್ಲ ರಕ್ತದ ಗೀರು. ಅವನಿಗೂ ಅವಳ ಬೆನ್ನಿಗೂ ಒಂದು ಗೇಣು ದೂರ.

ಬಾಗಿಲು ತೆರೆದು ಮುಟ್ಟಿದರೆ ಉಸಿರಿರಲಿಲ್ಲ. ಅವಳು ಮೊದಲು ಗಾಜನ್ನು ಒರೆಸಿದಳು. ಆಮೇಲೆ ಅವನನ್ನು ಚಾಪೆಗೆ ಎಳೆದು ಹೊದಿಸಿದಳು. ಕೂಗಿಕೊಂಡದ್ದು ಅದಾದ ಮೇಲೆ. ಅಪ್ಪನನ್ನು ಕೊಂದ ಪಾಪ ಮಗನ ತಲೆಗೆ ಬರಬಾರದೆಂಬುದೊಂದೇ ಆಗ ಅವಳ ಮನಸ್ಸಿನಲ್ಲಿದ್ದದ್ದು.

*

ಅವಳು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಕೋಣೆಯ ಒಳಗಿದ್ದರು. ನಂದೀಶ ಭುಜ ಕೊಟ್ಟು ಬಾಗಿಲು ಒತ್ತಿ ಮುಚ್ಚಿದ. ಕೂಗಿ ಎಂದು ಸನ್ನೆ ಮಾಡಿದ.

ಮೇಷ್ಟ್ರು ನಾಚಿಕೊಳ್ಳುತ್ತಲೇ ಬಾಯಿ ತೆರೆದರು.

"ಕೇಳಿಸ್ತಾ? ಯಾರಿಗಾದ್ರೂ ಕೇಳಿಸ್ತಾ?" ಹತ್ತಾರು ಜನರ ಮುಖವನ್ನು ನಂದೀಶ ಗೆದ್ದವನ ಹಾಗೆ ನೋಡಿದ. "ಇನ್ನೂ ಜೋರಾಗಿ ಕೂಗಿ ಸಾರ್!"

"ಇಲ್ಲಪ್ಪಾ, ಏನೂ ಕೇಳಿಸ್ತಿಲ್ಲ" ಅಂದಳು ಬೈರಮ್ಮ.

"ಮತ್ತೆ? ಗಂಟ್ಲು ಹರ್ಕೊಂಡ್ರೂ ಹೊರಗ್ ನಿಂತೋರಿಗೆ ಗೊತ್ತಾಗಲ್ಲ. ಇಂಥ ರೂಮು ಯಾವ ಮಗ ಕಟ್ಟಿಸ್ತಾನೆ ಹೇಳ್ರೀ?"

ಮೇಷ್ಟ್ರಿಗೆ ಉಸಿರು ಕಟ್ಟಿದ ಹಾಗಾಗಿರಬೇಕು. ಬಾಗಿಲು ತಳ್ಳಿದರು, ಅದು ಅಲುಗಲಿಲ್ಲ. ಹೆದರಿ ಗಾಜನ್ನು ಗುದ್ದತೊಡಗಿದರು.

ನಂದೀಶ ನಗುತ್ತಾ ಆ ಮುಷ್ಟಿಯನ್ನು ನೋಡಿದ. ನೋಡುತ್ತಲೇ ಇದ್ದ. ನಗು ತುಟಿಯ ಮೇಲೆ ಉಳಿದಿತ್ತು, ಕಣ್ಣಿನಲ್ಲಿ ಉಳಿಯಲಿಲ್ಲ. ಗಾಜಿನ ಬುಡದಲ್ಲಿ ನಿನ್ನೆಯ ಅವರೆಕಾಳಿನ ಸಿಪ್ಪೆ ಗುಡಿಸದೆ ಹಾಗೇ ಬಿದ್ದಿತ್ತು. ಅದನ್ನು ನೋಡಿದ. ಕೊನೆಗೆ ತಾಯಿಯ ಕಡೆಗೆ ತಿರುಗಿದ.

"ಅಮ್ಮಾ, ಅಪ್ಪನ ಕೈಗೆ ಯಾಕೆ ಬಟ್ಟೆ ಸುತ್ತಿದ್ದೀಯ?"

ಅನುಸೂಯಮ್ಮ ಬಗ್ಗಿ ಆ ಸಿಪ್ಪೆಯನ್ನು ಸೆರಗಿಗೆ ಬಾಚತೊಡಗಿದಳು. ಬಾಗಿಲು ತೆರೆಯಬೇಕೆಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಗಾಜಿನಾಚೆ ಮೇಷ್ಟ್ರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು.