ಸ್ವರ ಸಾಲದು

"ನಿಂದು ಗಂಟಲೋ, ಒಡಕು ಮಡಕೆಯೋ? ಒಂದಕ್ಷರ ಕೇಳಿಸಲಿಲ್ಲ. ಏಮಿ ಮೇಷ್ಟ್ರುವಯ್ಯಾ ನುವ್ವು?"

ಎಂಥ ಮೇಷ್ಟ್ರಯ್ಯಾ ನೀನು ಅಂತ ಕೊನೆಗೆ ತೆಲುಗಿನಲ್ಲೇ ಜರೆದು, ಶಾಲೆಗಳ ಇನ್ಸ್‌ಪೆಕ್ಟರ್ ಲಕ್ಷ್ಮೀನರಸಪ್ಪನವರು ತಪಾಸಣೆಯ ಪುಸ್ತಕದಲ್ಲಿ ಎರಡೇ ಪದ ಗೀಚಿದರು: 'ಸ್ವರ ಸಾಲದು.' ಇದು ಎರಡನೆಯ ಸಲ.

ಚಿತ್ತಪ್ಪ ಕೈಕಟ್ಟಿ ದೂರದಲ್ಲಿ ನಿಂತಿದ್ದ. ಮಾದರ ಕೇರಿಯಲ್ಲಿ ಹುಟ್ಟಿದ ಅವನು ಬಳ್ಳಾರಿಗೆ ಹೋಗಿ ಎರಡು ವರ್ಷ ಟ್ರೈನಿಂಗ್ ಮುಗಿಸಿ ಬಂದು, ಅದೇ ಕೇರಿಯ ಶಾಲೆಗೆ ಮೇಷ್ಟ್ರಾಗಿದ್ದ. ಆದರೆ ಮದ್ರಾಸಿನ ಇಲಾಖೆ ಕೊಟ್ಟ ಸರ್ಟಿಫಿಕೇಟು ಇನ್ನೂ ಹಸಿ. ಇನ್ಸ್‌ಪೆಕ್ಟರು ಪಾಠವನ್ನು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ಅದರ ಬೆನ್ನಿಗೆ ಸಹಿ ಹಾಕಿದರೇ ಅದು ಪಕ್ಕಾ. ಮೂರು ಸಲದೊಳಗೆ ಸಹಿ ಬೀಳದಿದ್ದರೆ ಕಾಗದ ಮದ್ರಾಸಿಗೆ ವಾಪಸು, ಚಿತ್ತಪ್ಪ ಗೌಡರ ದನದ ಕೊಟ್ಟಿಗೆಗೆ ವಾಪಸು.

ಶಾಲೆ ಇದ್ದದ್ದು ಕೇರಿಯೊಳಗೆ. ಇನ್ಸ್‌ಪೆಕ್ಟರು ಕೂರುತ್ತಿದ್ದದ್ದು ಅರವತ್ತು ಮಾರು ಆಚೆ, ಹುಣಸೆಮರದ ಬುಡದಲ್ಲಿ, ಗೌಡರ ಮನೆಯ ಕುರ್ಚಿಯಲ್ಲಿ. ಮಕ್ಕಳು ಸ್ಲೇಟುಗಳನ್ನು ತಂದು ನೆಲಕ್ಕಿಟ್ಟು ಹಿಂದೆ ಸರಿದ ಮೇಲೆ ಅವರು ಕೊಡೆಯ ತುದಿಯಿಂದ ಅವನ್ನು ಮಗುಚಿ ನೋಡುತ್ತಿದ್ದರು. ಚಿತ್ತಪ್ಪ ಎಷ್ಟೇ ಅರಚಿದರೂ ಹಗರಿ ಹೊಳೆಯ ಕಡೆಯ ಗಾಳಿ ಪಾಠವನ್ನೆಲ್ಲ ಎತ್ತಿ ಓಬಳಾಪುರದ ಗುಡ್ಡದ ಕಡೆಗೆ ಒಯ್ಯುತ್ತಿತ್ತು. ಗುಡ್ಡಕ್ಕೆ ಇಷ್ಟುಹೊತ್ತಿಗೆ ಮೂರರ ಮಗ್ಗಿ ಬಾಯಿಗೆ ಬಂದಿರಬೇಕು. ಅಷ್ಟು ದೂರದಿಂದ ಪಾಠ ಕೇಳಿಸದ ಅದೇ ಸಾಹೇಬರ ಮೂಗಿಗೆ ಊರೊಳಗಿನ ಗೌಡರ ಮನೆಯ ತುಪ್ಪ ಕಾಯಿಸುವ ವಾಸನೆ ಮಾತ್ರ ತಪ್ಪದೆ ಬಡಿಯುತ್ತಿತ್ತು.

ಆ ಸಂಜೆ ಅವನ ಸೋದರತ್ತೆ ಚೌಡಕ್ಕ ಮುದ್ದೆ ತಿರುವುತ್ತ ಎಲ್ಲ ಕೇಳಿಸಿಕೊಂಡಳು.

"ಅವನ ಕಿವ್ಯಾಗ ಎಮ್ಮಿ ಸಗಣಿ ತುಂಬ್ಲಿ. ಅಂವ ನಿನ್ತನ ಬರಾಕಿಲ್ಲ ಅಂದ್ರ, ನೀನ ಅವನ್ತನ ಹೋಗಲೇ."

ಚಿತ್ತಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮೂರನೆಯ ತಪಾಸಣೆಯ ದಿನ ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕೂತು ಬೆವರು ಒರೆಸುವ ಮೊದಲೇ ಮೂವತ್ತೊಂದು ಮಕ್ಕಳು ಕೇರಿಯಿಂದ ಸಾಲಾಗಿ ಹೊರಬಂದು, ಹುಣಸೆಮರವನ್ನು ಬಳಸಿ, ಕೈಗೆ ಕೈ ಕೂಡಿಸಿ ದುಂಡಗೆ ನಿಂತರು. ಸಾಹೇಬರು ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ ಅನ್ನುವಷ್ಟರಲ್ಲಿ ಸುತ್ತು ಕೂಡಿಬಿಟ್ಟಿತ್ತು. ಚಿತ್ತಪ್ಪ ತಲೆ ತಗ್ಗಿಸಿ ಅರಿಕೆ ಮಾಡಿಕೊಂಡ: ಇವತ್ತು ವಸ್ತುಪಾಠ. ವಸ್ತುವನ್ನು ನಡುವೆ ಇಟ್ಟು, ಮಕ್ಕಳಿಗೆ ಎಲ್ಲ ಮಗ್ಗುಲಿನಿಂದಲೂ ತೋರಿಸಿ, ಅದರ ಗುಣವನ್ನು ಅವರ ಬಾಯಿಂದಲೇ ಹೇಳಿಸಬೇಕೆಂದು ಟ್ರೈನಿಂಗಿನಲ್ಲಿ ಕಲಿಸಿದ್ದಾರೆ.

"ವಸ್ತು ಎಲ್ಲಿ?"

"ಕುರ್ಚಿ ಮ್ಯಾಲ ಐತ್ರಿ," ಎಂದ ಚಿತ್ತಪ್ಪ. ಆಮೇಲೆ ಸಾಹೇಬರ ಗೊಗ್ಗರು ರಾಗವನ್ನೇ ಎತ್ತಿ ತನ್ನ ಮೂಗಿಗೇರಿಸಿಕೊಂಡು, ಅವರ ಹಾಗೆಯೇ ಹೊಟ್ಟೆ ಮುಂದೆ ಮಾಡಿ ಪಾಠ ಶುರುಮಾಡಿದ. "ಈ ವಸ್ತು ಎಲ್ಲಿ ಸಿಗುತ್ತದಯ್ಯಾ?"

"ನೆಳ್ಳಾಗ್ರಿ."

"ಏನು ತಿನ್ನುತ್ತದೆ?"

"ಗೌಡ್ರ ಮನಿ ತುಪ್ಪಾರಿ."

"ಮುಟ್ಟಿದರೆ?"

ಚಿನ್ನಕ್ಕ ಅನ್ನುವ ಏಳು ವರ್ಷದ ಹುಡುಗಿ ಒಂದು ಗಳಿಗೆ ಯೋಚಿಸಿದಳು. "ಸಾವಿರಕಾಲಿನ ಹುಳದಂಗ ಮುದುಡಿಕೊಂತೈತ್ರಿ."

"ಇದರಿಂದ ಉಪಯೋಗ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಹೊಳೆಯಲಿಲ್ಲ.

ಲಕ್ಷ್ಮೀನರಸಪ್ಪನವರು ಕುರ್ಚಿ ಬೀಳುವಂತೆ ಎದ್ದರು. "ಹಲ್ಕಾ ನನ್ನಮಗನೇ, ನಾನು ಗೌಡರ ತುಪ್ಪ ತಿಂತೀನಾ? ಹುಳ ಅಂದಳಾ ಆ ಮುಂಡೆ? ನನಗೇನು ಕಿವಿ ಕೇಳೋದಿಲ್ಲ ಅಂದ್ಕೊಂಡ್ಯಾ?"

"ಕೇಳ್ಸಿತಲ್ರಿ ಎಲ್ಲಾ," ಎಂದ ಚಿತ್ತಪ್ಪ, ಈಗ ತನ್ನದೇ ದನಿಯಲ್ಲಿ. "ಹಂಗಾರ ಬರೀರಿ."

ಸರ್ಟಿಫಿಕೇಟನ್ನೂ ಮಸಿಕುಡಿಕೆಯನ್ನೂ ನೆಲದ ಮೇಲಿಟ್ಟು ಹಿಂದೆ ಸರಿದ.

ಸಾಹೇಬರು ಕಾಗದದ ಕಡೆ ನೋಡದೆ ಹೊರಟರು. ಎಡಕ್ಕೆ ನಡೆದರೆ ಕೈಗಳು. ಬಲಕ್ಕೆ ನಡೆದರೂ ಕೈಗಳು. ಒಂದು ಕೈ ಬಿಡಿಸಿದ್ದರೆ ದಾರಿ ಇತ್ತು, ಬಿಡಿಸಲು ಮುಟ್ಟಬೇಕಿತ್ತು. ಕೊಡೆ ಎತ್ತಿದರು. ಎದುರಿಗಿದ್ದ ಹುಡುಗ ಕಣ್ಣು ಮಿಟುಕಿಸಲಿಲ್ಲ. ಕೊಡೆ ಇಳಿಯಿತು. ತಮ್ಮನ್ನು ಕರೆತಂದ ಗಾಡಿಯವನನ್ನು ಕೂಗಿದರು. ಅವನು ಆಗಲೇ ಗೌಡರನ್ನು ಕರೆಯಲು ಊರ ಕಡೆ ಓಡಿದ್ದ.

ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮಕ್ಕಳ ಬೆನ್ನಿಗೆ ನಿಂತರು. ಚೌಡಕ್ಕನ ಕೈಯಲ್ಲಿ ಕುಡುಗೋಲಿತ್ತು.

"ಒಂದ್ ಹೆಜ್ಜಿ ಮುಂದಕ್ಕ," ಎಂದ ಚಿತ್ತಪ್ಪ.

ಸುತ್ತು ಒಂದು ಹೆಜ್ಜೆ ಕಿರಿದಾಯಿತು. ಸಾಹೇಬರು ಪಂಚೆಯನ್ನು ಮೊಣಕಾಲ ಮೇಲಕ್ಕೆತ್ತಿ ಹಿಡಿದು, ಬಿದ್ದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಹತ್ತಿ ನಿಂತರು. ಊರ ಕಡೆಯಿಂದ ಧೂಳು ಎದ್ದಿತ್ತು. ಧೂಳಿನೊಳಗೆ ಬಡಿಗೆಗಳು ಕಾಣತೊಡಗಿದವು.

ಚಿತ್ತಪ್ಪ ಅತ್ತ ತಿರುಗಿ ನೋಡಲಿಲ್ಲ.

"ಇನ್ನೊಂದ್ ಹೆಜ್ಜಿ," ಎಂದ.